ಸರಾಸರಿ ನಂಬಬೇಡಿ: ಮಾತ್ರೆಗಳ ಗುಣಮಟ್ಟ ನೋಡುವುದು ಹೇಗೆ?

ಒಂದು ಬ್ಯಾಚಿನಲ್ಲಿ ಲಕ್ಷಗಟ್ಟಲೆ ಮಾತ್ರೆಗಳಿರುತ್ತವೆ. ಎಲ್ಲವನ್ನೂ ಪುಡಿ ಮಾಡಿ ನೋಡಿದರೆ ಮಾರಲು ಏನೂ ಉಳಿಯುವುದಿಲ್ಲ, ಅಲ್ವಾ? ಅದಕ್ಕೇ ಬ್ಯಾಚಿನ ಶುರು, ನಡು, ಕೊನೆ ಮೂರೂ ಕಡೆಯಿಂದ ಸ್ಯಾಂಪಲ್ ತೆಗೆಯಿರಿ. ಒಂದೇ ಡಬ್ಬಿಯಿಂದ ಸುಮ್ನೆ ಒಂದು ಹಿಡಿ ಎತ್ತಿಕೊಂಡರೆ, ನಡುವೆ ಯಂತ್ರ ಕೈಕೊಟ್ಟಿದ್ದು ಗೊತ್ತೇ ಆಗುವುದಿಲ್ಲ.

ಮೊದಲು ಕಣ್ಣಲ್ಲೇ ನೋಡಿ. ಚುಕ್ಕೆ, ಒಡೆದ ಅಂಚು, ಟೋಪಿಯಂತೆ ಕಳಚಿದ ಮೇಲ್ಪದರ ಕಂಡರೆ ಬರೆದಿಡಿ.

ಆಮೇಲೆ ತೂಕ. 20 ಮಾತ್ರೆಗಳನ್ನು ಒಂದೊಂದಾಗಿಯೇ ತೂಗಿ. ಒಟ್ಟಿಗೆ ತೂಗಿ ಭಾಗಿಸಿದರೆ 440 ಮಿಲಿಗ್ರಾಂನದ್ದೂ 560ರದ್ದೂ ಸೇರಿ 500 ಎಂದೇ ತೋರುತ್ತವೆ! ಯುರೋಪಿನ ಫಾರ್ಮಾಕೊಪಿಯಾ (ಔಷಧಗಳ ಗುಣಮಟ್ಟದ ಅಧಿಕೃತ ನಿಯಮಪುಸ್ತಕ) ಪ್ರಕಾರ, ಸರಾಸರಿ 250 ಮಿಲಿಗ್ರಾಂ ಅಥವಾ ಜಾಸ್ತಿ ಇರುವ ಮಾತ್ರೆಗಳಲ್ಲಿ ಎರಡಕ್ಕಿಂತ ಹೆಚ್ಚು ಮಾತ್ರೆ ಸರಾಸರಿಯಿಂದ ಆಚೀಚೆ ಶೇ. 5ರ ಮಿತಿ ದಾಟುವಂತಿಲ್ಲ. ಶೇ. 10ನ್ನು ಒಂದೂ ದಾಟುವಂತಿಲ್ಲ. ಹಾಗಾಗಿ ಆ 440ರದ್ದು ಒಂದೇ ಸಾಕು, ಬ್ಯಾಚ್ ಫೇಲ್.

ತೂಕ ಸರಿ ಇದ್ದರೆ ಔಷಧವೂ ಸರಿ ಇರಬೇಕೆಂದಿಲ್ಲ. ಮಾತ್ರೆಯಲ್ಲಿ ಔಷಧ 5 ಮಿಲಿಗ್ರಾಂ ಮಾತ್ರ ಇದ್ದು ಉಳಿದದ್ದೆಲ್ಲ ಪಿಷ್ಟ, ಲ್ಯಾಕ್ಟೋಸ್ ಆಗಿದ್ದರೆ ತಕ್ಕಡಿಗೇನು ಗೊತ್ತು? ಇಂಥ ಕಡೆ 10 ಮಾತ್ರೆ ತೆಗೆದುಕೊಂಡು, ಒಂದೊಂದರಲ್ಲೂ ಔಷಧ ಎಷ್ಟಿದೆ ಎಂದು, ದ್ರವದಲ್ಲಿ ಕರಗಿಸಿದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಅಳೆಯಿರಿ.

ಗಟ್ಟಿತನಕ್ಕೆ ತಿರುಗುವ ಡ್ರಮ್ ಇದೆ. 100 ಸುತ್ತು ಉರುಳಿಸಿ, ಪುಡಿ ಕೊಡವಿ ಮತ್ತೆ ತೂಗಿ. ಶೇ. 1ಕ್ಕಿಂತ ಹೆಚ್ಚು ಸವೆದಿರಬಾರದು.

ತುಂಬಾ ಗಟ್ಟಿಯಾದರೂ ಕಷ್ಟ, ಮಾತ್ರೆ ಹೊಟ್ಟೆಯಲ್ಲಿ ಬೇಗ ಕರಗುವುದಿಲ್ಲ. ನನ್ನ ಪ್ರಕಾರ ಕರಗುವ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯ. 37 ಡಿಗ್ರಿ ಸೆಲ್ಸಿಯಸ್‌ನ ದ್ರವವಿರುವ 6 ಪಾತ್ರೆಗಳಿಗೆ ಒಂದೊಂದು ಮಾತ್ರೆ ಹಾಕಿ, ದೋಣಿಯ ಹುಟ್ಟಿನಂಥ ಅಲಗಿನಿಂದ ನಿಧಾನವಾಗಿ ಕಲಕಿಸಿ. ಹೇಳಿದ ಹೊತ್ತಿಗೆ ಸ್ವಲ್ಪ ದ್ರವ ತೆಗೆದು ಅಳೆಯಿರಿ. ಶೇ. 80 ಕರಗಬೇಕೆಂಬ ನಿಯಮವಿದ್ದರೆ, ಮೊದಲ ಸುತ್ತಿನಲ್ಲಿ ಆರೂ ಮಾತ್ರೆ ಕನಿಷ್ಠ ಶೇ. 85 ಕರಗಿರಬೇಕು. ಇಲ್ಲದಿದ್ದರೆ ಇನ್ನೂ 6 ಹಾಕಿ. ಆಗ ಹನ್ನೆರಡರ ಸರಾಸರಿ 80 ಮುಟ್ಟಬೇಕು, ಯಾವುದೂ 65ಕ್ಕಿಂತ ಕೆಳಗಿಳಿದಿರಬಾರದು.

ಇದು ಇವತ್ತಿನ ಲೆಕ್ಕ. ಮುಂದೆಯೂ ಮಾತ್ರೆ ಹೀಗೇ ಇರುತ್ತದಾ ಎಂದು ತಿಳಿಯಲು, ಪ್ಯಾಕ್ ಮಾಡಿದ ಮಾತ್ರೆಗಳನ್ನು 40 ಡಿಗ್ರಿ ಶಾಖ, ಶೇ. 75 ತೇವಾಂಶದಲ್ಲಿ 6 ತಿಂಗಳು ಇಟ್ಟು, ನಡುನಡುವೆ ಹೊರತೆಗೆದು ಮತ್ತೆ ಪರೀಕ್ಷಿಸಿ.

ಎಲ್ಲಾದರೂ ಫೇಲ್ ಆದರೆ, ಪಾಸ್ ಆಗುವ ತನಕ ಹೊಸ ಸ್ಯಾಂಪಲ್ ಹಾಕುತ್ತಾ ಕೂರಬೇಡಿ. ತಪ್ಪು ತಕ್ಕಡಿಯದ್ದೋ, ಅಳೆದವರದ್ದೋ, ಮಾತ್ರೆಯದ್ದೋ ಮೊದಲು ಹುಡುಕಿ. ಅಲ್ಲಿಯವರೆಗೆ ಬ್ಯಾಚ್ ಗೋದಾಮು ಬಿಟ್ಟು ಕದಲಬಾರದು.