ರೆಟಿನಾ ಆಪರೇಷನ್ ಆದ ಮೇಲೆ: ತಲೆ ಬಗ್ಗಿಸಿ ಕಳೆದ ದಿನಗಳು

ಬಲಗಣ್ಣಿನ ಆಪರೇಷನ್ ಮುಗಿಸಿ ಮೈಸೂರಿನ ಮನೆಗೆ ಕಳಿಸುವಾಗ ಡಾಕ್ಟರು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: "ಮುಖ ಕೆಳಗೆ." ಗಂಟೆಗೆ 50 ನಿಮಿಷ ನೆಲ ನೋಡಿಕೊಂಡು ಇರಬೇಕು, 10 ನಿಮಿಷ ಬಿಡುವು. ರಾತ್ರಿ ಅಂಗಾತ ಮಲಗುವ ಹಾಗೇ ಇಲ್ಲ. ಆಪರೇಷನ್ ಅವರ ಕೆಲಸ, ಇದು ಮಾತ್ರ ಪೂರ್ತಿ ನನ್ನ ಕೆಲಸ. ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ, ಇದೇ ಪಾಡಿನಲ್ಲಿರುವವರಿಗೆ ಬೇಕಾಗಬಹುದು.

ನನಗೆ ಚಿಕ್ಕಂದಿನಿಂದಲೂ ದಪ್ಪ ಕನ್ನಡಕ. ಮೈನಸ್ ನಂಬರ್ ಜಾಸ್ತಿ ಇರುವವರಲ್ಲಿ ಕಣ್ಣುಗುಡ್ಡೆ ಉದ್ದ, ಒಳಗೆ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರ, ಅಂದರೆ ರೆಟಿನಾ, ತೆಳುವು. ವಯಸ್ಸಾದಂತೆ ಕಣ್ಣಿನೊಳಗಿನ ಲೋಳೆ ಕುಗ್ಗಿ ಆ ಪದರವನ್ನು ಎಳೆಯುತ್ತದೆ. ಎಲ್ಲಾದರೂ ಹರಿದರೆ ಅಲ್ಲಿಂದ ನೀರು ನುಗ್ಗಿ ರೆಟಿನಾ ಕಳಚಿಕೊಳ್ಳುತ್ತದೆ. ನನಗೆ ಮೊದಲು ಮಿಂಚು ಹೊಡೆದಂತೆ ಬೆಳಕು ಕಂಡಿತು. ಆಮೇಲೆ ಕಪ್ಪು ಚುಕ್ಕೆಗಳು, ಆಮೇಲೆ ಮೂಗಿನ ಕಡೆಯಿಂದ ಒಂದು ನೆರಳು. ನೋವು ಚೂರೂ ಇರಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಟೀಚರ್, ನನ್ನ ಗೆಳತಿ, ಕೇಳಿದವಳೇ ನನ್ನನ್ನು ಆಟೋ ಹತ್ತಿಸಿದಳು. ನಡುವಿನ ದೃಷ್ಟಿಯ ಭಾಗ ಇನ್ನೂ ಕಳಚಿರಲಿಲ್ಲ. ಅದಕ್ಕೇ ಅಷ್ಟು ಅವಸರ ಮಾಡಿದರು.

ಒಳಗಿನ ಲೋಳೆ ತೆಗೆದು, ಹರಿದ ಜಾಗದ ಸುತ್ತ ಲೇಸರ್ ಹಾಕಿ, ಕೊನೆಗೆ ಗ್ಯಾಸ್ ತುಂಬಿದರು. ಗ್ಯಾಸ್ ಯಾವಾಗಲೂ ಮೇಲಕ್ಕೇ ಏಳುತ್ತದೆ. ಮುಖ ಕೆಳಗೆ ಮಾಡಿದರೆ ಕಣ್ಣಿನ ಹಿಂಬದಿ ಮೇಲಾಗುತ್ತದಲ್ವಾ? ಗುಳ್ಳೆ ಅಲ್ಲಿಗೆ ಹೋಗಿ ರೆಟಿನಾವನ್ನು ಒತ್ತಿ ಹಿಡಿಯುತ್ತದೆ. ಇಷ್ಟು ಅರ್ಥವಾದ ಮೇಲೆ ಕುತ್ತಿಗೆ ನೋವು ಸ್ವಲ್ಪ ತಡೆಯುವಂತಾಯಿತು. ಸ್ವಲ್ಪವೇ, ಅಷ್ಟೇ.

ಯಜಮಾನರು ಕೆಲಸದ ಮೇಲೆ ಪರಊರಲ್ಲಿದ್ದರು, ಮಗಳಿಗೆ ಪರೀಕ್ಷೆ. "ಏನಾದ್ರೂ ಬೇಕಿದ್ರೆ ಹೇಳು" ಅಂದವರು ಬಹಳ ಜನ. ಹಾಗಂದವರಿಗೆ ಏನು ಹೇಳಬೇಕು ಅಂತ ಹಾಸಿಗೆ ಹಿಡಿದವರಿಗೆ ತೋಚುವುದಿಲ್ಲ. ನಮ್ಮ ಭಜನಾ ಮಂಡಳಿಯಲ್ಲಿ ಬ್ಯಾಂಕಿನಿಂದ ರಿಟೈರ್ ಆದ ಅಕ್ಕ ಒಬ್ಬರಿದ್ದಾರೆ. ಅವರು ಕೇಳಲೇ ಇಲ್ಲ. ಒಂದು ನೋಟ್‌ಬುಕ್ ತಂದು, ಗೆರೆ ಹೊಡೆದು, ಯಾವ ಡ್ರಾಪ್ಸ್ ಎಷ್ಟು ಗಂಟೆಗೆ, ಹಾಕುವವರು ಯಾರು ಅಂತ ಪಾಳಿ ಬರೆದರು. ಹಾಕಿದವರು ಸಹಿ ಮಾಡಬೇಕು! ಸೋಂಕು ಆಗದಿರಲು ಒಂದು ಬಾಟಲಿ, ಊತ ಇಳಿಯಲು ಸ್ಟಿರಾಯ್ಡ್ ಒಂದು, ಪಾಪೆ ಅಗಲವಾಗಿರಲು ಇನ್ನೊಂದು. ಒಂದು ಹಾಕಿ ಐದು ನಿಮಿಷ ಬಿಟ್ಟೇ ಮತ್ತೊಂದು ಹಾಕಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಬಾಟಲಿಗಳಿಗೆ ಅಕ್ಕ ಒಂದು, ಎರಡು, ಮೂರು ಅಂತ ರಬ್ಬರ್ ಬ್ಯಾಂಡ್ ಸುತ್ತಿದರು. ರಾತ್ರಿ ದೀಪ ಹಾಕದೆಯೂ ಕೈಗೆ ಗೊತ್ತಾಗುತ್ತಿತ್ತು.

ಕೂರುವುದಕ್ಕೆ ವಿಶೇಷ ಕುರ್ಚಿ ಬಾಡಿಗೆಗೆ ಸಿಗುತ್ತದೆ ಅಂದರು. ನಾವು ಊಟದ ಮೇಜಿನ ಅಂಚಿಗೆ ಎರಡು ದಿಂಬು, ಅದರ ಮೇಲೆ ಬಸ್ ಪ್ರಯಾಣಕ್ಕೆ ಬಳಸುವ ಕುತ್ತಿಗೆ ದಿಂಬು ಇಟ್ಟೆವು. ಹಣೆ ಅದರ ಮೇಲೆ, ಮೂಗು ನಡುವಿನ ಸಂದಿಯಲ್ಲಿ, ಕಣ್ಣಿಗೆ ಯಾವ ಒತ್ತಡವೂ ಇಲ್ಲ. ನೋಡಲು ಬಂದವರೆಲ್ಲ ನೆಲದ ಮೇಲೇ ಕೂರಬೇಕು, ಇಲ್ಲದಿದ್ದರೆ ಮುಖ ಕಾಣುವುದಿಲ್ಲ. ಎಡಗಣ್ಣಿಗೆ ಕಾಣುತ್ತಿದ್ದುದು ಬರೀ ಪಾದಗಳು. ಕೆಲವೇ ದಿನಗಳಲ್ಲಿ ಕಾಲುಂಗುರ, ಬಿರುಕು ಬಿಟ್ಟ ಹಿಮ್ಮಡಿ, ಸೀರೆಯ ಅಂಚು ನೋಡಿಯೇ ಯಾರು ಬಂದರು ಅಂತ ಹೇಳಿಬಿಡುತ್ತಿದ್ದೆ. ಕಾಫಿ ಮಾತ್ರ ಸ್ಟ್ರಾನಲ್ಲಿ. ಫಿಲ್ಟರ್ ಕಾಫಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ವಿಜ್ಞಾನದ ಟೀಚರ್ ಸಂಜೆ ಬಂದು ಏನಾದರೂ ಓದಿ ಹೇಳುತ್ತಿದ್ದಳು. ಸ್ವಿಟ್ಜರ್ಲೆಂಡಿನ ಝೂಲ್ ಗೊನ್ಯಾ ಎಂಬ ಡಾಕ್ಟರ ಕಥೆ ಹಾಗೇ ಕೇಳಿದ್ದು. ಹರಿದ ಜಾಗ ಹುಡುಕಿ ಮುಚ್ಚಿದರೆ ರೆಟಿನಾ ಮತ್ತೆ ಕೂರುತ್ತದೆ ಅಂತ 1920ರ ದಶಕದಲ್ಲಿ ಅವರು ತೋರಿಸಿಕೊಟ್ಟರಂತೆ. ಅದಕ್ಕೂ ಮೊದಲು ರೆಟಿನಾ ಕಳಚಿದವರಲ್ಲಿ ಹೆಚ್ಚಿನವರಿಗೆ ಆ ಕಣ್ಣಿನ ಆಸೆ ಬಿಡುವುದೇ ಗತಿ. ಅದನ್ನು ಕೇಳಿದ ದಿನ ನಾನು ಬಿಡುವಿನ 10 ನಿಮಿಷವನ್ನೂ ತಲೆ ಬಗ್ಗಿಸಿಕೊಂಡೇ ಕೂತೆ.

ಇನ್ನು ದೇವರ ವಿಷಯ. ಗಡಿಯಾರ ನೋಡುತ್ತಾ ಕೂತರೆ 50 ನಿಮಿಷ ಕಳೆಯುವುದೇ ಇಲ್ಲ. ಸಹಸ್ರನಾಮ ಹೇಳಿಕೊಂಡರೆ ಅರ್ಧ ಗಂಟೆ ದಾಟುತ್ತದೆ, ಮೇಲೆ ಮೂರ್ನಾಲ್ಕು ದೇವರನಾಮ, ಅಲ್ಲಿಗೆ ಬಿಡುವು ಬಂತು. ಮಂಡಳಿಯವರು ಶನಿವಾರದ ಭಜನೆಯನ್ನು ನಮ್ಮ ಹಾಲ್‌ಗೇ ತಂದರು. ಕಷ್ಟ ಆಗುತ್ತಿದ್ದುದು ನಡುರಾತ್ರಿ. ಈ ಕಣ್ಣು ಹೋದರೆ, ಆ ಕಣ್ಣೂ ಹೋದರೆ ಅಂತ ಶುರುವಾಗುತ್ತಿತ್ತು. ಆಗ "ತಾಯಿ, ಕಾಯಿ" ಅನ್ನುವುದು ಬಿಟ್ಟು ನನಗೆ ಬೇರೇನೂ ಬಾಯಿಗೆ ಬರುತ್ತಿರಲಿಲ್ಲ. ಅದನ್ನೇ ಹೇಳುತ್ತಾ ಹೇಳುತ್ತಾ ನಿದ್ದೆ ಬರುತ್ತಿತ್ತು.

ಆದರೆ ಒಂದು ವಿಷಯದಲ್ಲಿ ನಾನು ಗಟ್ಟಿ. ಭಕ್ತಿ ಮನಸ್ಸಿನಲ್ಲಿರಲಿ, ಕಣ್ಣಿಗೆ ತಾಗುವುದು ಬೇಡ. ಸೋದರತ್ತೆ ನಂದಿಬಟ್ಟಲು ಹೂವು ತಂದರು, ರೆಪ್ಪೆಯ ಮೇಲಿಟ್ಟುಕೊಂಡರೆ ತಂಪು ಅಂತ. ಇನ್ನೊಬ್ಬರು ತೀರ್ಥ ತಂದು ಕಣ್ಣಿಗೆ ಒತ್ತಿಕೋ ಅಂದರು. ಆಪರೇಷನ್ ಆದ ಕಣ್ಣಿಗೆ ನಲ್ಲಿ ನೀರು ಕೂಡ ಬೀಳಬಾರದು, ಸೋಂಕಾದರೆ ಕಣ್ಣೇ ಹೋಗಬಹುದು. "ಅತ್ತೆ, ಹೂವು ದೇವರ ಮುಂದೆ ಇಡೋಣ, ನನ್ನ ಪರವಾಗಿ ನೀವೇ ಬೇಡಿಕೊಳ್ಳಿ" ಅಂದೆ. ಮೊದಲು ಮುಖ ಸಣ್ಣ ಮಾಡಿಕೊಂಡರು, ಆಮೇಲೆ ದಿನಾ ತಾವೇ ಹೂವು ತಂದು ಇಡತೊಡಗಿದರು.

ಅಷ್ಟರಲ್ಲಿ ಆಷಾಢ ಬಂತು. ಚಾಮುಂಡಿ ಬೆಟ್ಟಕ್ಕೆ ಹರಕೆ ಹೊತ್ತಿದ್ದೆ. ಕಾರಿನಲ್ಲಿ ಕರೆದುಕೊಂಡು ಹೋಗ್ತೀವಿ ಅಂತ ಗೆಳತಿಯರು ಹೊರಟೇಬಿಟ್ಟಿದ್ದರು. ನನ್ನ ಮಣಿಕಟ್ಟಿಗೆ ಆಸ್ಪತ್ರೆಯವರು ಕಟ್ಟಿದ ಪಟ್ಟಿ ಇತ್ತು: ಕಣ್ಣಲ್ಲಿ ಗ್ಯಾಸ್ ಇದೆ, ವಿಮಾನ ಹತ್ತಬಾರದು, ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಕೊಡಬಾರದು ಅಂತ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು ಕಣ್ಣೊಳಗಿನ ಗ್ಯಾಸ್ ಹಿಗ್ಗುತ್ತದೆ, ಕಣ್ಣಿನ ಒತ್ತಡ ಏರುತ್ತದೆ. ಬೆಟ್ಟ ನಮ್ಮ ಊರಿಗಿಂತ ಹತ್ತಿರ ಹತ್ತಿರ 300 ಮೀಟರ್ ಮೇಲಿದೆ. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. "ಗ್ಯಾಸ್ ಇರೋವರೆಗೂ ಬೇಡಮ್ಮ, ದೇವಿ ಎಲ್ಲೂ ಹೋಗಲ್ಲ" ಅಂದರು. ಗೆಳತಿಯರೇ ಮೆಟ್ಟಿಲು ಹತ್ತಿ ನನ್ನ ಹೆಸರಲ್ಲಿ ಅರ್ಚನೆ ಮಾಡಿಸಿಕೊಂಡು ಬಂದರು.

ನನಗೆ ಹಾಕಿದ್ದು ಆರರಿಂದ ಎಂಟು ವಾರ ಉಳಿಯುವ ಗ್ಯಾಸ್. ಮೊದಮೊದಲು ಆ ಕಣ್ಣಿಗೆ ಕೈ ಆಡಿಸಿದ್ದಷ್ಟೇ ಗೊತ್ತಾಗುತ್ತಿತ್ತು. ಆಮೇಲೆ ಮೇಲುಗಡೆಯಿಂದ ತಿಳಿಯಾಗುತ್ತಾ ಬಂತು, ಕೆಳಗೆ ರಸಮಟ್ಟದ ಗುಳ್ಳೆಯ ಹಾಗೆ ಒಂದು ಗೆರೆ ತೂಗಾಡುತ್ತಿತ್ತು. ಕೊನೆಗೆ ಒಂದು ಸಣ್ಣ ಗೋಲಿ, ಅದೂ ಹೋಯಿತು. ಗ್ಯಾಸ್ ಪೂರ್ತಿ ಹೋಗಿದೆ ಅಂತ ಡಾಕ್ಟರು ನೋಡಿ ಹೇಳಿದ ಮೇಲೆ ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗಿ ಹುಂಡಿಗೆ ಬೆಳ್ಳಿ ಕಣ್ಣು ಹಾಕಿ ಬಂದೆ.

ಈಗ ಆ ಕಣ್ಣಲ್ಲಿ ಓದಬಲ್ಲೆ, ನೆಟ್ಟಗಿನ ಗೆರೆ ಸ್ವಲ್ಪ ಸೊಟ್ಟ ಕಾಣುತ್ತದೆ. ಎಡಗಣ್ಣಿನ ಅಂಚಿನಲ್ಲೂ ತೆಳು ಜಾಗ ಸಿಕ್ಕಿತು, ಅದಕ್ಕೆ ಲೇಸರ್ ಆಯಿತು. ಈ ಆಪರೇಷನ್ ಆದವರಿಗೆ ಪೊರೆ ಬೇಗ ಬರುತ್ತದೆ ಅಂತ ಮೊದಲೇ ಹೇಳಿದ್ದರು, ಅದೂ ಶುರುವಾಗಿದೆ. ಬ್ಯಾಂಕಿನ ಅಕ್ಕ ನೋಟ್‌ಬುಕ್ಕಿನಲ್ಲಿ ಇನ್ನೂ ಖಾಲಿ ಹಾಳೆ ಇವೆ ಅನ್ನುತ್ತಾರೆ. ಪೊರೆ ಆಪರೇಷನ್‌ಗೆ ತಲೆ ಬಗ್ಗಿಸಿ ಕೂರಬೇಕಿಲ್ಲ ಅಂತ ಗೊತ್ತಾದ ಮೇಲೆ ನಾನೂ "ಬರೀರಿ ಅಕ್ಕ" ಅಂದಿದ್ದೇನೆ.