ಹಸಿರು ಚೀಲ ನಿಜವಾಗಿ ಮಣ್ಣಿಗೆ ಸೇರುತ್ತಾ? ಮನೆಯಲ್ಲೇ ಪರೀಕ್ಷೆ ಮಾಡಿ

ತೊಟ್ಟಿಲ ಕಾರ್ಯಕ್ಕೆ ಬಂದವರಿಗೆ ಶೇಂಗಾ ಉಂಡಿ ಕಟ್ಟಿ ಕೊಡೋಣ ಎಂದು ಕೊಪ್ಪಳದ ಒಂದು ಅಂಗಡಿಯಿಂದ ನೂರು ಹಸಿರು ಚೀಲ ತಂದಿದ್ದೆವು. ಮೇಲೆ ಎಲೆಯ ಚಿತ್ರ. ‘ಗೋವಿನಜೋಳದ ಚೀಲ ಇದು, ಮಣ್ಣಲ್ಲಿ ಕರಗುತ್ತೆ’ ಎಂದರು ಅಂಗಡಿಯವರು. ಉಳಿದ ಚೀಲಗಳನ್ನು ನಂಬಿಕೆಯಿಂದ ಊರಿನ ತಿಪ್ಪೆಗೆ ಹಾಕಿದೆವು. ಬೇಸಿಗೆಯಲ್ಲಿ ಹೊಲಕ್ಕೆ ಗೊಬ್ಬರ ಹೇರುವಾಗ ಸಲಿಕೆಗೆ ಸಿಕ್ಕಿದ್ದು ಅವೇ ಚೀಲಗಳು. ಸಗಣಿ ಮೆತ್ತಿತ್ತು, ಅಷ್ಟೇ. ತೊಳೆದು ನೋಡಿದರೆ ಎಲೆಯ ಚಿತ್ರ ಹಾಗೇ ಇತ್ತು. ದನ ತಿಂದರೆ ಏನು ಗತಿ ಎಂದು ಅತ್ತೆ ಬಗ್ಗಿ ಒಂದೊಂದನ್ನೇ ಆರಿಸಿ ತೆಗೆದರು.

ಆ ಸಂಕಟ ಇನ್ನೊಬ್ಬರಿಗೆ ಬೇಡ. ಕೊಳ್ಳುವ ಮೊದಲು ಮತ್ತು ಕೊಂಡ ಮೇಲೆ ಏನೇನು ನೋಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

1. ಎರಡು ಮಾತುಗಳನ್ನು ಬೇರೆ ಮಾಡಿ

ಗಿಡದಿಂದ ಬಂದದ್ದು ಬೇರೆ, ಮಣ್ಣಿಗೆ ಸೇರುವುದು ಬೇರೆ. ಎಲ್ಲ ಗೊಂದಲ ಹುಟ್ಟುವುದೇ ಇಲ್ಲಿ.

ಆಟಿಕೆ ಮಾಡುವ ಲೆಗೊ ಕಂಪನಿ 2018ರಲ್ಲಿ ತನ್ನ ಪುಟ್ಟ ಗಿಡ, ಎಲೆ, ಪೊದೆಗಳನ್ನು ಕಬ್ಬಿನ ಪ್ಲಾಸ್ಟಿಕ್‌ನಿಂದ ಮಾಡಲು ಶುರು ಮಾಡಿತು. ಬ್ರೆಜಿಲ್‌ನ ಬ್ರಾಸ್ಕೆಮ್ ಎಂಬ ಕಂಪನಿ 2010ರಿಂದ ಇಂಥ ಪ್ಲಾಸ್ಟಿಕ್ ತಯಾರಿಸುತ್ತಿದೆ. ಕಬ್ಬು ನಮ್ಮ ಕಂಪ್ಲಿ ಕಡೆ ಬೆಳೆಯುವಂಥದ್ದೇ. ಅದರಿಂದ ಎಥನಾಲ್, ಎಥನಾಲ್‌ನಿಂದ ಎಥಿಲೀನ್ ಅನಿಲ, ಅದರಿಂದ ಪಾಲಿಥೀನ್. ಕೊನೆಗೆ ಕೈಗೆ ಬರುವುದು ಮಾತ್ರ ಕಚ್ಚಾ ತೈಲದಿಂದ ಮಾಡಿದ ಪಾಲಿಥೀನ್‌ನಂಥದ್ದೇ. ಅಣುವಿನಲ್ಲಿ ಏನೂ ವ್ಯತ್ಯಾಸವಿಲ್ಲ. ಅದು ಮಣ್ಣಲ್ಲಿ ಕರಗುವುದಿಲ್ಲ. ಕೋಕಾ-ಕೋಲಾ 2009ರಲ್ಲಿ ತಂದ ‘ಪ್ಲಾಂಟ್‌ಬಾಟಲ್’ ಕೂಡ ಹೀಗೆಯೇ. ಅದರಲ್ಲಿ ಗಿಡದ ಪಾಲು ಶೇ 30ರವರೆಗೆ ಮಾತ್ರ. ನಮ್ಮ ಹೊಲದ ಬದುವಿನಲ್ಲಿ ಕಾಣುವ ಔಡಲದ ಎಣ್ಣೆಯಿಂದಲೂ ನೈಲಾನ್-11 ಎಂಬ ಗಟ್ಟಿ ಪ್ಲಾಸ್ಟಿಕ್ ಮಾಡುತ್ತಾರೆ. ಅದೂ ಕರಗುವುದಿಲ್ಲ.

ಇದು ಮೋಸ ಅಂತ ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ಬಾಳುವ ವಸ್ತುವಿಗೆ ನೆಲದಡಿಯ ಎಣ್ಣೆಯ ಬದಲು ಕಬ್ಬು ಬಳಸಿದರೆ ಒಳ್ಳೆಯದೇ. ಮಗುವಿನ ಆಟಿಕೆ ಕರಗಬೇಕು ಎಂದು ಯಾರು ಬಯಸುತ್ತಾರೆ? ಆದರೆ ಒಂದು ಸಲ ಬಳಸಿ ಎಸೆಯುವ ಚೀಲಕ್ಕೆ ಈ ಲೆಕ್ಕ ಸಾಲದು.

ಚೀಲ, ಕಪ್‌ಗಳಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಪಿಎಲ್ಎ. ಗೋವಿನಜೋಳದ ಪಿಷ್ಟವನ್ನು ಸಕ್ಕರೆ ಮಾಡಿ, ಬ್ಯಾಕ್ಟೀರಿಯಾ ಬಿಟ್ಟು ಹುಳಿ ಬರಿಸುತ್ತಾರೆ. ಹಾಲಿಗೆ ಹೆಪ್ಪು ಹಾಕಿದಾಗ ಮೊಸರಿಗೆ ಬರುತ್ತದಲ್ಲ, ಅದೇ ಲ್ಯಾಕ್ಟಿಕ್ ಆಮ್ಲ. ಆ ಆಮ್ಲವನ್ನು ಸರಪಳಿಯಂತೆ ಜೋಡಿಸಿದರೆ ಪಿಎಲ್ಎ. ಇದೊಂದನ್ನೇ ಹಾಳೆ ಮಾಡಿದರೆ ಪಟ್ಟನೆ ಮುರಿಯುತ್ತದೆ. ಅದಕ್ಕೇ ಚೀಲ ಮಾಡುವವರು ಪಿಬಿಎಟಿ ಎಂಬ ಮೆತ್ತನೆಯದನ್ನು ಬೆರೆಸುತ್ತಾರೆ. ಈ ಪಿಬಿಎಟಿ ಹೆಚ್ಚಾಗಿ ಕಚ್ಚಾ ತೈಲದಿಂದಲೇ ಬರುತ್ತದೆ, ಆದರೂ ಗೊಬ್ಬರವಾಗುತ್ತದೆ! ಹಾಗಾಗಿ ‘ಯಾವುದರಿಂದ ಮಾಡಿದ್ದು’ ಎಂದು ಕೇಳಿ ಸುಮ್ಮನಾಗಬೇಡಿ. ‘ಬಳಸಿದ ಮೇಲೆ ಏನಾಗುತ್ತದೆ’ ಎಂದೂ ಕೇಳಿ.

2. ಚೀಲದ ಮೇಲಿನ ಅಕ್ಷರ ಓದಿ

ಎಲೆಯ ಚಿತ್ರಕ್ಕೆ, ಹಸಿರು ಬಣ್ಣಕ್ಕೆ ಬೆಲೆ ಕೊಡಬೇಡಿ. ‘ಇಕೋ ಫ್ರೆಂಡ್ಲಿ’ ಎಂದು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ‘ಕಾಂಪೋಸ್ಟೆಬಲ್’ (ಅಂದರೆ ಗೊಬ್ಬರವಾಗುವಂಥದ್ದು) ಎಂಬ ಪದ, ಇಂಥ ಪ್ಲಾಸ್ಟಿಕ್‌ಗಿರುವ ಭಾರತೀಯ ಮಾನದಂಡ ಐಎಸ್ 17088ರ ಸಂಖ್ಯೆ, ತಯಾರಕರ ಹೆಸರು ಮತ್ತು ಪ್ರಮಾಣಪತ್ರದ ವಿವರ, ಇಷ್ಟನ್ನು ಹುಡುಕಿ. ಕಾಂಪೋಸ್ಟೆಬಲ್ ಚೀಲ ತಯಾರಿಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪ್ರಮಾಣಪತ್ರ ಪಡೆದಿರಬೇಕು. ಪಡೆದವರ ಪಟ್ಟಿ ಮಂಡಳಿಯ ವೆಬ್‌ಸೈಟ್‌ನಲ್ಲಿದೆ. ಅಂಗಡಿ ಇಟ್ಟವರು ಸಗಟಾಗಿ ಕೊಳ್ಳುವ ಮೊದಲು ಫೋನಿನಲ್ಲೇ ಒಮ್ಮೆ ಹುಡುಕಿ ನೋಡಿ.

ಅಂಗಡಿಯವರಿಗೆ ಇನ್ನೊಂದು ಮಾತು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಿಂದಲೇ ನಿಷೇಧವಿದೆ. ಒಂದು ಸಲ ಬಳಸುವ ತಟ್ಟೆ, ಲೋಟ, ಸ್ಟ್ರಾಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಬಂತು. ಕೇಂದ್ರದ ಆ ನಿಯಮದಲ್ಲಿ ಕಾಂಪೋಸ್ಟೆಬಲ್ ವಸ್ತುಗಳಿಗೆ ವಿನಾಯಿತಿ ಇದೆ. ಸುಳ್ಳು ಹಸಿರು ಚೀಲಗಳು ನುಸುಳುವುದು ಇದೇ ಸಂದಿಯಲ್ಲಿ.

3. ನೀರಿನ ಲೋಟದ ಪರೀಕ್ಷೆ

ನನಗೆ ತುಂಬಾ ಇಷ್ಟವಾದದ್ದು ಇದು. ಖರ್ಚಿಲ್ಲ, ಎರಡು ನಿಮಿಷ ಸಾಕು.

ಅಚ್ಚು ಇಲ್ಲದ ಕಡೆ ಹೆಬ್ಬೆರಳಿನ ಉಗುರಿನಷ್ಟು ಚೂರು ಕತ್ತರಿಸಿ. ಗಾಜಿನ ಲೋಟದ ತುಂಬ ನೀರು ತುಂಬಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬಿಡಿ. ಚೂರನ್ನು ಆ ನೀರಿನಲ್ಲೇ ಬೆರಳಿಂದ ಚೆನ್ನಾಗಿ ತಿಕ್ಕಿ. ಇದನ್ನು ಬಿಡಬೇಡಿ. ಚೂರಿಗೆ ಗಾಳಿಯ ಗುಳ್ಳೆ ಅಂಟಿಕೊಂಡಿದ್ದರೆ ಮುಳುಗುವುದೂ ತೇಲುತ್ತದೆ. ಈಗ ಚಮಚದಿಂದ ತಳಕ್ಕೆ ಒತ್ತಿ, ಬಿಟ್ಟುಬಿಡಿ.

ಪಾಲಿಥೀನ್ ನೀರಿಗಿಂತ ಹಗುರ. ಒಂದು ಘನ ಸೆಂಟಿಮೀಟರ್‌ಗೆ ಸುಮಾರು 0.92 ಗ್ರಾಂ. ಅದು ಮೆಲ್ಲಗೆ ಮೇಲೆದ್ದು ಬರುತ್ತದೆ. ಪಿಎಲ್ಎ, ಪಿಬಿಎಟಿ ಎರಡೂ ಸುಮಾರು 1.25 ಗ್ರಾಂ. ಅವು ತಳದಲ್ಲೇ ಕೂರುತ್ತವೆ. ಅತ್ತೆ ಆರಿಸಿ ತೆಗೆದ ಚೀಲದ ಚೂರು ಒತ್ತಿದಷ್ಟು ಸಲವೂ ಮೇಲೆ ಬಂತು.

ತೇಲಿದರೆ ಅದು ಗೊಬ್ಬರವಾಗುವ ಚೀಲವಲ್ಲ ಎಂದು ಧೈರ್ಯವಾಗಿ ಹೇಳಬಹುದು. ಮುಳುಗಿದರೆ ಮಾತ್ರ ಪೂರ್ತಿ ನಂಬಬೇಡಿ. ಸುಣ್ಣಕಲ್ಲಿನ ಪುಡಿ ಜಾಸ್ತಿ ಬೆರೆಸಿದ ಪಾಲಿಥೀನ್ ಕೂಡ ಮುಳುಗುತ್ತದೆ. ಆಗ ಮತ್ತೆ ಎರಡನೇ ಹೆಜ್ಜೆಯ ಅಕ್ಷರಗಳೇ ಗತಿ.

ಗಾಯಕ್ಕೆ ಹಚ್ಚುವ ಅಯೋಡಿನ್ ಮನೆಯಲ್ಲಿದ್ದರೆ ಚೀಲದ ಮೇಲೆ ಒಂದು ಹನಿ ಹಾಕಿ ನೋಡಿ. ಕಪ್ಪು ನೀಲಿಗೆ ತಿರುಗಿದರೆ ಪಿಷ್ಟ ಇದೆ ಎಂದರ್ಥ. ಆದರೆ ಪಾಲಿಥೀನ್‌ಗೂ ಪಿಷ್ಟ ಬೆರೆಸಬಹುದಾದ್ದರಿಂದ ಇದು ಬರೀ ಸುಳಿವು. ಸುಟ್ಟು ವಾಸನೆ ನೋಡುವವರಿದ್ದಾರೆ. ದಯವಿಟ್ಟು ಬೇಡ, ಆ ಹೊಗೆ ಒಳ್ಳೆಯದಲ್ಲ.

4. ನಮ್ಮ ಬಿಸಿಲನ್ನು ಲೆಕ್ಕಕ್ಕೆ ತಗೊಳ್ಳಿ

ಸಾಮಾನ್ಯ ಪಿಎಲ್ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಪಾರದರ್ಶಕ ಪಿಎಲ್ಎ ಲೋಟ ಮಜ್ಜಿಗೆಗೆ, ಕಬ್ಬಿನ ಹಾಲಿಗೆ ಸರಿ. ಬಿಸಿ ಚಹಾಕ್ಕೆ ಬೇಡ. ರಾಯಚೂರಿನ ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅಂಥ ಲೋಟದ ಕಟ್ಟು ಬಿಟ್ಟರೆ ಸೊಟ್ಟಗಾಗಬಹುದು. ದಾಸ್ತಾನನ್ನು ನೆರಳಲ್ಲಿ, ಒಣಗಿದ ಜಾಗದಲ್ಲಿ ಇಡಿ.

5. ತಿಪ್ಪೆಗೆ ಹಾಕುವ ರೀತಿ

ಐಎಸ್ 17088 ಎಂದರೆ ಎಲ್ಲಿ ಎಸೆದರೂ ಮಾಯ ಎಂದಲ್ಲ. ಆ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಶಾಖ, ತೇವ, ಗಾಳಿ ಎಲ್ಲ ಇರುವ ಗೊಬ್ಬರದ ರಾಶಿಯಲ್ಲಿ. ಅಲ್ಲಿ 180 ದಿನಗಳೊಳಗೆ ಚೀಲದ ಶೇ 90ರಷ್ಟು ಇಂಗಾಲ ಗಾಳಿಗೆ ಸೇರಬೇಕು. ಬಾಲ್ಕನಿಯ ಕುಂಡದಲ್ಲಿ ಆ ಶಾಖ ಹುಟ್ಟುವುದಿಲ್ಲ. ಚರಂಡಿಯಲ್ಲಿ, ತುಂಗಭದ್ರಾ ಕಾಲುವೆಯಲ್ಲಿ ಬಿದ್ದರೆ ಅದೂ ಕಸವೇ.

ಹಳ್ಳಿಯ ದೊಡ್ಡ ತಿಪ್ಪೆಯ ಹೊಟ್ಟೆಯೊಳಗೆ ಮಾತ್ರ ಒಳ್ಳೆಯ ಕಾವು ಇರುತ್ತದೆ. ಮುಂಜಾನೆ ಕೆದರಿದರೆ ಹಬೆ ಏಳುವುದನ್ನು ನೋಡಿರುತ್ತೀರಿ. ಚೀಲವನ್ನು ಅಂಗೈಯಗಲ ಚೂರು ಮಾಡಿ. ಮೇಲೆ ಎಸೆಯದೆ, ಹಸಿ ಸಗಣಿ ಮತ್ತು ತರಕಾರಿ ಸಿಪ್ಪೆಯ ನಡುವೆ ಒಂದು ಮೊಳ ಆಳಕ್ಕೆ ಹೂಳಿ. ಒಣಗಿದರೆ ನೀರು ಚಿಮುಕಿಸಿ. ಎರಡು ವಾರಕ್ಕೊಮ್ಮೆ ಸಲಿಕೆಯಿಂದ ಮಗುಚಿ. ಊರಿನಲ್ಲಿ ತಿಪ್ಪೆ ಇಲ್ಲದವರು ಈ ಚೀಲವನ್ನು ಗುಜರಿಗೆ ಹಾಕುವ ಬಾಟಲಿಗಳ ಜೊತೆ ಸೇರಿಸಬೇಡಿ. ಪಿಎಲ್ಎ ಬೆರೆತರೆ ಆ ಬಾಟಲಿಗಳ ಮರುಬಳಕೆಯೂ ಕೆಡುತ್ತದೆ. ಹಸಿ ಕಸದ ಜೊತೆ ತೆಗೆದುಕೊಳ್ಳುತ್ತಾರಾ ಎಂದು ಕಸದ ಗಾಡಿಯವರನ್ನು ಕೇಳಿ ಕೊಡಿ.

ಹೊಲಕ್ಕೆ ಹೇರುವ ಮುನ್ನ ಚೂರು ಹೂಳಿದ ಜಾಗದ ಗೊಬ್ಬರವನ್ನು ಮರಳು ಸೋಸುವ ಜರಡಿಗೆ ಹಾಕಿ ನೋಡಿ. ಜರಡಿಯ ಮೇಲೆ ಚೂರು ಉಳಿದರೆ ಇನ್ನೂ ಕೆಲವು ವಾರ ತಿಪ್ಪೆಯಲ್ಲೇ ಬಿಡಿ. ಆಮೇಲೂ ಹಾಗೇ ಇದ್ದರೆ ಆ ಚೂರನ್ನು, ಮೊದಲೇ ಎತ್ತಿಟ್ಟ ಒಂದು ಇಡೀ ಚೀಲವನ್ನು ಮತ್ತು ರಸೀದಿಯನ್ನು ಹಿಡಿದು ಅಂಗಡಿಗೆ ಹೋಗಿ ಕೇಳಿ. ನಾವು ರಸೀದಿ ಇಟ್ಟುಕೊಂಡಿರಲಿಲ್ಲ.