ಹಳೆಯ ಅವೆಂಜರ್‌ಗೆ ಉದ್ಯಮಬಾಗದ ಲೇತು

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವೆಗೆ, ಬೇಸಿಗೆಯಲ್ಲದ ದಿನಗಳಲ್ಲಿ ಬಾದಾಮಿ, ಐಹೊಳೆ, ವಿಜಯಪುರಗಳ ಕಡೆಗೆ ಸಾಮಾನು ಕಟ್ಟಿಕೊಂಡು ಹೋಗಲು ಒಂದು ಗಾಡಿ ಬೇಕಾಗಿತ್ತು. ಕೈಗೆ ಸಿಕ್ಕದ್ದು 2010ರ ಬಜಾಜ್ ಅವೆಂಜರ್ 220 ಬೈಕು. ಎಣ್ಣೆಯಿಂದ ತಂಪಾಗುವ ಇದರ 219.9 ಸಿಸಿಯ ಎಂಜಿನ್ನಿಗೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರ್ ಇರುವುದರಿಂದ ಊರಿನ ಯಾವ ಮೆಕ್ಯಾನಿಕ್ ಬೇಕಾದರೂ ಅದನ್ನು ಬಿಚ್ಚಿ ಜೋಡಿಸಬಲ್ಲ. 14 ಲೀಟರಿನ ಟ್ಯಾಂಕು ದೂರದ ದಾರಿಗೆ ಸಾಕು. ಗಾಡಿಯ ಬೆಲೆ ಬಿಟ್ಟು ಅದರ ಮೇಲೆ ಇಪ್ಪತ್ತೈದು ಸಾವಿರ ರೂಪಾಯಿಗಿಂತ ಹೆಚ್ಚು ಹಾಕಬಾರದೆಂದು ಮೊದಲೇ ನಿಶ್ಚಯಿಸಿದ್ದೆನಾದ್ದರಿಂದ, ಪ್ರವಾಸದ ಗಾಡಿಗಳಿಗೆಂದು ಡಬ್ಬಿಯಲ್ಲಿ ಬರುವ ಸಿದ್ಧ ಸಾಮಾನುಗಳ ಆಸೆಯನ್ನು ಆರಂಭದಲ್ಲೇ ಕೈಬಿಟ್ಟೆ. ಬೆಳಗಾವಿಯಲ್ಲಿ ಅದರ ಅಗತ್ಯವೂ ಇಲ್ಲ. ಇಲ್ಲಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಫೌಂಡ್ರಿ, ಲೋಹ ಕಡೆಯುವ ಲೇತು, ಬಣ್ಣದ ಪುಡಿ ಹಿಡಿಸಿ ಒಲೆಯಲ್ಲಿ ಕಾಯಿಸುವ ಪೌಡರ್ ಕೋಟಿಂಗ್ ಎಲ್ಲವೂ ಇವೆ. ಅಳತೆ ಗೊತ್ತಿದ್ದವನಿಗೆ ಅಲ್ಲಿ ಬ್ರ್ಯಾಂಡಿನ ಹೆಸರು ಬೇಕಾಗುವುದಿಲ್ಲ.

ಅರ್ಧಕ್ಕಿಂತ ಹೆಚ್ಚು ಹಣ ಹೋದದ್ದು ಯಾರ ಕಣ್ಣಿಗೂ ಬೀಳದ ಭಾಗಗಳಿಗೆ. ಎರಡೂ ಗಾಲಿಗಳ ಬೇರಿಂಗು, ಹ್ಯಾಂಡಲ್ ತಿರುಗುವ ಜಾಗದ ಬೇರಿಂಗಾದ ಕೋನ್ ಸೆಟ್, ಹಿಂದಿನ ಗಾಲಿಯನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್, ಮುಂದಿನ ಫೋರ್ಕಿನ ಆಯಿಲ್ ಸೀಲು, ಹಿಂದಿನ ಬ್ರೇಕ್ ಶೂ, ಚೈನ್ ಮತ್ತು ಸ್ಪ್ರಾಕೆಟ್ ಬದಲಾದವು. ಇಲ್ಲಿ ಹಾಕಿದ ಹಣಕ್ಕೆ ಒಳ್ಳೆಯ ಮಾಲು ಪಡೆಯುವ ದಾರಿಯೊಂದಿದೆ. ಬೇರಿಂಗಿನ ಅಂಚಿನಲ್ಲಿ ಕೊರೆದಿರುವ ಸಂಖ್ಯೆ ಜಗತ್ತಿನಲ್ಲೆಲ್ಲ ಒಂದೇ ಅಳತೆಯನ್ನು ಹೇಳುತ್ತದೆ: 6202 ಎಂದಿದ್ದರೆ ಒಳವ್ಯಾಸ 15 ಮಿ.ಮೀ., ಹೊರವ್ಯಾಸ 35, ಅಗಲ 11. 6302 ಆದರೆ ಒಳವ್ಯಾಸ ಅದೇ ಇದ್ದು ಹೊರವ್ಯಾಸ 42, ಅಗಲ 13. ಹಳೆಯದನ್ನು ಹೊರಗೆ ತೆಗೆದು, ಆ ಸಂಖ್ಯೆಯನ್ನು ಬರೆದುಕೊಂಡು, ಬೈಕಿನ ಬಿಡಿಭಾಗದ ಅಂಗಡಿಗೆ ಹೋಗದೆ ಕಾರ್ಖಾನೆಗಳಿಗೆ ಬೇರಿಂಗ್ ಒದಗಿಸುವ ಅಂಗಡಿಗೆ ಹೋದೆ. ಅದೇ ಬೆಲೆಗೆ ಹೆಚ್ಚು ನಂಬಿಕೆಯ ಮಾಲು ಸಿಕ್ಕಿತು. ಸಂಖ್ಯೆಯ ಕೊನೆಗೆ 2RS ಎಂದಿರುವುದನ್ನೇ ಕೇಳಿ ಪಡೆದೆ. ಎರಡೂ ಬದಿಗೆ ರಬ್ಬರಿನ ಮುಚ್ಚಳವಿರುವ ಅದು ಖಾನಾಪುರದ ಕಡೆಯ ಮಳೆಗೆ ತಗಡಿನ ಮುಚ್ಚಳದ ಬೇರಿಂಗಿಗಿಂತ ಚೆನ್ನಾಗಿ ತಡೆಯುತ್ತದೆ. ಆಯಿಲ್ ಸೀಲುಗಳ ಮೇಲೂ ಹೀಗೆಯೇ ಒಳ, ಹೊರ, ದಪ್ಪ ಎಂಬ ಮೂರು ಅಳತೆಗಳು ಅಚ್ಚಾಗಿರುತ್ತವೆ.

ಬ್ರೇಕಿನ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಲಿಲ್ಲ. ಮುಂದಿನ ಡಿಸ್ಕಿನ ರಬ್ಬರ್ ಹೋಸ್ ಹೊರಗಿನಿಂದ ನೆಟ್ಟಗೆ ಕಂಡರೂ ವಯಸ್ಸಾದ ಮೇಲೆ ಬ್ರೇಕ್ ಹಿಡಿದಾಗಿನ ಒತ್ತಡಕ್ಕೆ ಉಬ್ಬುತ್ತದೆ, ಲಿವರ್ ಮೆತ್ತಗಾಗುತ್ತದೆ. ಹೋಸ್ ಹೊಸದು ಹಾಕಿಸಿ, ಮಾಸ್ಟರ್ ಸಿಲಿಂಡರಿನ ರಬ್ಬರ್ ಕಿಟ್ ಬದಲಿಸಿ, ಡಾಟ್ 4 ದರ್ಜೆಯ ಬ್ರೇಕ್ ಆಯಿಲನ್ನು ಮೊಹರು ಒಡೆಯದ ಡಬ್ಬಿಯಿಂದಲೇ ಹಾಕಿದೆ. ಈ ಆಯಿಲು ಗಾಳಿಯ ತೇವವನ್ನು ಹೀರುತ್ತದೆ. ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕೆಂದು ನಿಯಮವಿದ್ದರೆ, ತೇವ ಹೀರಿದ ಆಯಿಲಿಗೆ ಅದು 155 ಡಿಗ್ರಿಯಷ್ಟೇ. ಸಾಮಾನು ಹೇರಿಕೊಂಡು ಚೋರ್ಲಾದ ತಿರುವುಗಳಲ್ಲಿ ಬ್ರೇಕ್ ಹಿಡಿಯುತ್ತ ಇಳಿಯುವವನಿಗೆ ಈ ಎರಡು ಅಂಕಿಗಳ ನಡುವಿನ ಅಂತರ ಪುಸ್ತಕದ ಮಾತಲ್ಲ.

ಸಾಮಾನಿನ ಕ್ಯಾರಿಯರನ್ನು ಉದ್ಯಮಬಾಗದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮಾಡಿಸಿದೆ. ಮೊದಲು ರಟ್ಟಿನ ಹಾಳೆಯಲ್ಲಿ ನಕ್ಷೆ ಕತ್ತರಿಸಿ, ಬ್ಯಾಗನ್ನು ಸೀಟಿನ ಮೇಲಿಟ್ಟು, ಇಂಡಿಕೇಟರ್ ಮತ್ತು ಸೈಲೆನ್ಸರಿಗೆ ಎಲ್ಲಿ ತಾಗುತ್ತದೆಂದು ನೋಡಿಕೊಂಡೆ. ಭಾರ ಆದಷ್ಟೂ ಹಿಂದಿನ ಗಾಲಿಯ ಅಕ್ಷಕ್ಕಿಂತ ಮುಂದಿರಬೇಕು. ಅಕ್ಷದ ಹಿಂದಕ್ಕೆ ಹೋದ ಪ್ರತಿ ಕಿಲೋ ಮುಂದಿನ ಗಾಲಿಯನ್ನು ಹಗುರಗೊಳಿಸುತ್ತದೆ, ಹ್ಯಾಂಡಲು ಅಲುಗತೊಡಗುತ್ತದೆ. ಅವೆಂಜರಿನಲ್ಲಿ ಸವಾರ ಕೆಳಗೆ ಮತ್ತು ಹಿಂದೆ ಕೂರುವುದರಿಂದ ಇದು ಇನ್ನೂ ಮುಖ್ಯ. ಗಾಡಿಯ ಚೌಕಟ್ಟಾದ ಚಾಸಿಗೆ ಎರಡು ತುಂಡು ಬೆಸೆದುಬಿಟ್ಟರೆ ಕೆಲಸ ಬೇಗ ಆದೀತೇ ಎಂದು ಕೇಳಿದಾಗ ಲೇತಿನ ಮೇಲಿದ್ದ ಹಿರಿಯರು ತಲೆ ಎತ್ತದೆಯೇ, “ತಮ್ಮಾ, ಚಾಸಿಗೆ ವೆಲ್ಡಿಂಗ್ ಹಚ್ಚಬ್ಯಾಡ, ಬೋಲ್ಟಿನ್ಯಾಗ ಮುಗಸು” ಎಂದರು. ಬೆಸುಗೆಯ ಬಿಸಿ ತಾಗಿದ ಜಾಗದ ಪಕ್ಕದಲ್ಲೇ ಪೈಪು ಮುಂದೊಂದು ದಿನ ಸೀಳುವುದನ್ನು ಅವರು ಸಾಕಷ್ಟು ಕಂಡಿದ್ದರು. ಹೀಗಾಗಿ ಇಡೀ ಕ್ಯಾರಿಯರ್ ಹಿಂದಿನ ಹಿಡಿಕೆ ಮತ್ತು ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟುಗಳಿಗೇ ಜೋಡಣೆಯಾಗಿದೆ, ಬೋಲ್ಟುಗಳೆಲ್ಲ ಗಟ್ಟಿತನದಲ್ಲಿ 8.8 ದರ್ಜೆಯವು, ನಟ್ಟುಗಳು ನೈಲಾನ್ ಬಳೆಯವು. ಕ್ಯಾರಿಯರಿಗೆ ಬಣ್ಣ ಬಳಿಸುವ ಬದಲು ಪೌಡರ್ ಕೋಟಿಂಗ್ ಮಾಡಿಸಿದ್ದು ಅಲ್ಲೇ ಮಗ್ಗುಲಲ್ಲಿ. ಬೇರೆಯವರ ಕಪ್ಪು ಮಾಲು ಒಲೆಗೆ ಹೋಗುವ ದಿನ ನಮ್ಮದನ್ನೂ ಸೇರಿಸಿದರೆ ಖರ್ಚು ಕಡಿಮೆ.

ಹಿಡಿ ಕೈಗೆ ಇನ್ನಷ್ಟು ಹತ್ತಿರವಾಗಲೆಂದು ಹ್ಯಾಂಡಲಿನ ಕೆಳಗೆ ಕೂರಿಸಲು 25 ಮಿ.ಮೀ. ಎತ್ತರದ ಅಲ್ಯೂಮಿನಿಯಂ ರೈಸರ್ ಜೋಡಿಯನ್ನು ಅದೇ ಲೇತಿನಲ್ಲಿ ಕಡೆಸಿಕೊಂಡೆ. ಹೊಸ ಹ್ಯಾಂಡಲ್ ಕೊಂಡಿದ್ದರೆ ಕ್ಲಚ್, ಆಕ್ಸಿಲರೇಟರ್ ಕೇಬಲ್ಲುಗಳನ್ನೂ ಕೊಳ್ಳಬೇಕಾಗುತ್ತಿತ್ತು. ರೈಸರ್ ಹಾಕಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಂಜಿನ್ನಿನ ವೇಗ ತಾನಾಗಿ ಏರುವುದಿಲ್ಲ, ಬ್ರೇಕ್ ಹೋಸ್ ಎಳೆಯುವುದಿಲ್ಲ ಎಂದು ನೋಡಿಕೊಳ್ಳಲೇಬೇಕು.

ದೀಪಕ್ಕೆ ತಲಾ 20 ವ್ಯಾಟಿನ ಎರಡು ಹಳದಿ ಎಲ್‌ಇಡಿ ಸಾಕಾದವು. ಮಳೆಗಾಲದ ಘಾಟಿನ ಮಂಜಿನಲ್ಲಿ ಬಿಳಿ ಬೆಳಕು ನನ್ನ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ. 40 ವ್ಯಾಟಿಗೆ 12 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್ ಆಗುವುದರಿಂದ 5 ಆಂಪಿಯರಿನ ಫ್ಯೂಸು, ಜೊತೆಗೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಒಂದು ರಿಲೇ. ರಿಲೇಯ 30ನೆಯ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ತಂತಿ, 87ಕ್ಕೆ ದೀಪ, 85 ಮತ್ತು 86ರಲ್ಲಿ ಒಂದು ಸ್ವಿಚ್ಚಿಗೆ, ಇನ್ನೊಂದು ಅರ್ತಿಂಗಿಗೆ. ಸ್ವಿಚ್ಚಿನ ತಂತಿಯನ್ನು ಚಾವಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಎಳೆಯಿಂದ ತೆಗೆದುಕೊಂಡಿದ್ದರಿಂದ ದೀಪ ಮರೆತು ಬ್ಯಾಟರಿ ಇಳಿಯುವ ಭಯವಿಲ್ಲ. ಎಲ್ಲ ಹಚ್ಚಿಟ್ಟು, ಎಂಜಿನ್ನನ್ನು ಸ್ವಲ್ಪ ಏರಿಸಿ ಬ್ಯಾಟರಿಯ ಮೇಲೆ ಮಲ್ಟಿಮೀಟರ್ ಇಟ್ಟರೆ 13.5ರಿಂದ 14.5 ವೋಲ್ಟಿನೊಳಗೆ ತೋರಬೇಕು, ನನ್ನದು ತೋರಿತು.

ಸೀಟಿಗೆ ಹೊಸ ಫೋಮು ಮತ್ತು ಒರಟು ರೆಕ್ಸಿನ್. ಇದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮೆತ್ತಗಿನ ಫೋಮಿಗಿಂತ ಗಟ್ಟಿಯದೇ ದೂರದ ದಾರಿಗೆ ಹಿತ.

ಬಣ್ಣವನ್ನೂ ಸೈಲೆನ್ಸರನ್ನೂ ಮುಟ್ಟಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿದು, ಮುಂದೆ ತಪಾಸಣೆಯ ನಂತರ ಐದೈದು ವರ್ಷಕ್ಕೆ ನವೀಕರಣಗೊಳ್ಳುತ್ತದಾದ್ದರಿಂದ, 2010ರ ಗಾಡಿಗೆ ಹಣ ಹಾಕುವವರು ಆರ್‌ಟಿಒ ಕಚೇರಿಯ ಆ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಟಯರುಗಳನ್ನು ಕೊಳ್ಳುವಾಗ ಪಕ್ಕದ ಗೋಡೆಯ ನಾಲ್ಕು ಅಂಕಿ ಓದಿದೆ: 2318 ಎಂದರೆ 2018ರ 23ನೆಯ ವಾರದಲ್ಲಿ ತಯಾರಾದದ್ದು, ಎಷ್ಟೇ ಹೊಳೆದರೂ ಬೇಡ. ಕಡ್ಡಿಗಾಲಿಯಾದ್ದರಿಂದ ಒಳಗೆ ಟ್ಯೂಬ್ ಇದ್ದೇ ಇರುತ್ತದೆ. ಹಿಂದಿನ ಗಾಲಿ 15 ಇಂಚಿನದಾದ ಕಾರಣ ಅದರ ಟ್ಯೂಬು ಸಣ್ಣ ಊರಿನ ಪಂಕ್ಚರ್ ಅಂಗಡಿಗಳಲ್ಲಿ ಸಿಗುವುದು ಖಾತ್ರಿಯಿಲ್ಲ. ಆದ್ದರಿಂದ ಒಂದು ಟ್ಯೂಬು, ಎರಡು ಟಯರ್ ಲಿವರು, ಕೈಪಂಪು ಮತ್ತು ಅಕ್ಷದ ನಟ್ಟಿನ ಪಾನಾ ಎಡಬದಿಯ ಬ್ಯಾಗಿನಲ್ಲಿ ಯಾವಾಗಲೂ ಇರುತ್ತವೆ.